ನಾಯಿಗೂ ಒಂದು ಪಾಳಿ

ಸೋಲಾಪುರ ಸೀಮೆಯ ನಮ್ಮ ವಾಗದರಿಯಲ್ಲಿ ನಾಯಿಯನ್ನು ಕಟ್ಟಿಹಾಕಿದರೆ ಅದೇ ಒಂದು ಸುದ್ದಿ. ಎತ್ತಿಗೆ ದಾವಣಿ, ಎಮ್ಮೆಗೆ ಗೂಟ, ಕರುವಿಗೆ ಕಣ್ಣಿ. ನಾಯಿಗೆ ಏನೂ ಇರಲಿಲ್ಲ. ರಾತ್ರಿ ಯಾರ ಕಟ್ಟೆಯ ಮೇಲೆ ಮಲಗುತ್ತದೋ ಅವರದು ಆ ನಾಯಿ. ಹಗಲು ಅದು ಇಡೀ ಓಣಿಯದು. ಉಳಿದ ರೊಟ್ಟಿಯ ಚೂರನ್ನು ಯಾರು ಎಸೆದರೂ ತಿನ್ನುತ್ತಿತ್ತು, ಹೊಸಬರು ಓಣಿ ಹೊಕ್ಕರೆ ಎಲ್ಲರ ಪರವಾಗಿ ಬೊಗಳುತ್ತಿತ್ತು. ಅದನ್ನು ಹಗ್ಗದಲ್ಲಿ ಬಿಗಿದರೆಂದರೆ ಕಾರಣ ಎರಡೇ: ಪರಮೇಶ್ವರನ ಜಾತ್ರೆಯ ಗದ್ದಲ, ಇಲ್ಲವೇ ಹುಚ್ಚಿನ ಸಂಶಯ.

ಒಂಬತ್ತನೆಯ ವಯಸ್ಸಿನಲ್ಲಿ ಆ ಎರಡನೆಯ ಕಾರಣ ನನ್ನ ಪಾಲಿಗೆ ಬಂತು. ಶಾಲೆ ಬಿಟ್ಟು ಬರುವಾಗ ಬೇರೆ ಓಣಿಯ ಕೆಂದ ನಾಯಿಯೊಂದು ಹಿಂದಿನಿಂದ ಬಂದು ಮೀನಖಂಡಕ್ಕೆ ಬಾಯಿ ಹಾಕಿತು. ಅವ್ವ ಗಾಯಕ್ಕೆ ಖಾರದ ಪುಡಿ ಒತ್ತಿದಳು; ಆಗ ಊರಲ್ಲಿ ಎಲ್ಲರೂ ಮಾಡುತ್ತಿದ್ದದ್ದು ಅದನ್ನೇ. ಮರುದಿನ ಅಪ್ಪ ಎಸ್‌.ಟಿ. ಬಸ್ಸಿನಲ್ಲಿ ಸರಕಾರಿ ದವಾಖಾನೆಗೆ ಕರೆದೊಯ್ದ. ಹೊಕ್ಕುಳ ಸುತ್ತ ದಿನಕ್ಕೊಂದರಂತೆ 14 ಸೂಜಿ. ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಆ ಹಳೆಯ ಲಸಿಕೆಯನ್ನು ನಮ್ಮ ದೇಶ ಕೈಬಿಟ್ಟದ್ದು 2004ರ ಹೊತ್ತಿಗೆ. ಈಗ ತೋಳಿಗೆ ಹಾಕುವ ಕೆಲವೇ ಸೂಜಿಗಳಲ್ಲಿ ಮುಗಿಯುತ್ತದೆ. ಖಾರದ ಪುಡಿಯ ಬದಲು ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ ಎನ್ನುತ್ತಾರೆ ವೈದ್ಯರು. ಆದರೆ ಬೆನ್ನ ಹಿಂದೆ ನಾಯಿಯ ಉಗುರಿನ ಸದ್ದು ಕೇಳಿದರೆ ನನ್ನ ಕಾಲುಗಳು ಇಂದಿಗೂ ನೆಲಕ್ಕೆ ಅಂಟಿಕೊಳ್ಳುತ್ತವೆ. ನಗರದ ಉದ್ಯಾನಗಳಲ್ಲಿ ನಾಯಿಗಳ ಪಟ್ಟಾ ಬಿಚ್ಚಲು ದಿನಕ್ಕೊಂದು ಹೊತ್ತು ಗೊತ್ತುಮಾಡಬೇಕು ಎಂದು ಬರೆಯಲು ಕೂತವನು ಆ ಹುಡುಗನೇ ಎಂಬುದನ್ನು ಮೊದಲೇ ಹೇಳಬೇಕು.

ಅಣ್ಣನ ಮಗಳು ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಳೆ. ಮೂರನೆಯ ಮಹಡಿಯ ಎರಡು ಕೋಣೆಯ ಮನೆ, ಅವಳು, ಅವಳ ನಾಯಿ. ನಾಯಿ ನಮ್ಮ ಕಡೆಯದೇ, ಕರವಾನಿ. ಹೆಸರು ಬಾಣ. ಹೋದ ಸಲ ನಾನು ಅಲ್ಲಿಗೆ ಹೋದಾಗ ಶನಿವಾರ ರಾತ್ರಿ, "ಕಾಕಾ, ನಾಳಿ ನಸುಕಿನ್ಯಾಗ ಏಳ್ರಿ. ಬಾಣನ್ನ ಕಬ್ಬನ್ ಪಾರ್ಕಿಗೆ ಒಯ್ಯೂದೈತಿ, ನೀವೂ ಬರ್ರಿ" ಎಂದಳು. ನಾಯಿಗಾಗಿ ನಸುಕಿನಲ್ಲಿ ಏಳುವುದೇ ಎಂದೆ. "ವಾರ ಪೂರ್ತಿ ಮೂರು ಮೊಳದ ಹಗ್ಗದಾಗ ನಡೀತೈತ್ರಿ ಅದು" ಎಂದಳು. ಆ ಮಾತಿಗೆ ನನ್ನ ಬಳಿ ಉತ್ತರ ಇರಲಿಲ್ಲ.

ಕರವಾನಿ ಎಂದರೆ ಏನೆಂದು ಸೋಲಾಪುರ, ಲಾತೂರು, ವಿಜಯಪುರ, ಬಾಗಲಕೋಟೆ ಕಡೆಯ ರೈತರಿಗೆ ಬಿಡಿಸಿ ಹೇಳಬೇಕಿಲ್ಲ. ಕೃಷ್ಣೆಯ ಆಚೆ ಇದನ್ನೇ ಮುಧೋಳ ನಾಯಿ ಎನ್ನುತ್ತಾರೆ. ಬೇಟೆಗಾರರ ಮತ್ತು ರೈತರ ಬಳಿ ಇದ್ದ ಈ ತಳಿಯನ್ನು ಮುಧೋಳ ಸಂಸ್ಥಾನದ ರಾಜ ಮಾಲೋಜಿರಾವ್ ಘೋರ್ಪಡೆ ಮುತುವರ್ಜಿಯಿಂದ ಬೆಳೆಸಿ, ಬ್ರಿಟನ್ನಿನ ಐದನೆಯ ಜಾರ್ಜ್ ದೊರೆಗೆ ಒಂದು ಜೋಡಿಯನ್ನು ಕಾಣಿಕೆ ಕೊಟ್ಟ ಮೇಲೆ ಊರಿನ ಹೆಸರೇ ನಾಯಿಯ ಹೆಸರಾಯಿತು. 2005ರಲ್ಲಿ ಅಂಚೆ ಇಲಾಖೆ ಹೊರತಂದ ನಾಲ್ಕು ದೇಶಿ ನಾಯಿಗಳ ಅಂಚೆಚೀಟಿಗಳಲ್ಲಿ ಇದಕ್ಕೂ ಒಂದು ಚೀಟಿ ಸಿಕ್ಕಿತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರ ಇದಕ್ಕೆಂದೇ ಇದೆ. ಸೇನೆಯೂ ಇದನ್ನು ಕರೆದೊಯ್ದು ಪಳಗಿಸಿದೆ.

ಈ ನಾಯಿಯ ಮೈ ನೋಡಿದರೆ ಸಾಕು, ಅದರ ಬದುಕು ತಿಳಿಯುತ್ತದೆ. ಆಳವಾದ ಎದೆ, ಒಳಗೆ ಸೇದಿಕೊಂಡ ಹೊಟ್ಟೆ, ಉದ್ದನೆಯ ಮೂತಿ, ಬಿಲ್ಲಿನಂತೆ ಬಾಗುವ ಬೆನ್ನು. ಹೆಚ್ಚಿನ ನಾಯಿಗಳು ಮೂಗಿನಿಂದ ಬೇಟೆಯಾಡಿದರೆ ಇದು ಕಣ್ಣಿನಿಂದ ಬೇಟೆಯಾಡುತ್ತದೆ. ಬಯಲಿನಲ್ಲಿ ದೂರದಲ್ಲೊಂದು ಮೊಲ ಅಲುಗಿದರೆ ಸಾಕು, ಗಂಟೆಗೆ 40 ಕಿಲೋಮೀಟರಿಗೂ ಹೆಚ್ಚಿನ ವೇಗ ಅದರ ಕಾಲಿಗೆ ಬರುತ್ತದೆ. ಅಂಥ ಪ್ರಾಣಿಯನ್ನು ಮೂರನೆಯ ಮಹಡಿಯಲ್ಲಿಟ್ಟು ದಿನಕ್ಕೆರಡು ಬಾರಿ ಲಿಫ್ಟಿನಲ್ಲಿ ಇಳಿಸಿ ಕಂಬದವರೆಗೆ ನಡೆಸಿಕೊಂಡು ಬರುವುದೆಂದರೆ, ಹೊಲ ಉಳುವ ಎತ್ತನ್ನು ಅಂಗಳದಲ್ಲಿ ಸುತ್ತುಹಾಕಿಸಿ ಉಳುಮೆಯಾಯಿತು ಎಂದ ಹಾಗೆ. ಮೇವು ಸಾಕಷ್ಟಿರುತ್ತದೆ, ಮೈ ಮಾತ್ರ ಒಳಗೊಳಗೇ ಕುದಿಯುತ್ತಿರುತ್ತದೆ.

ಭಾನುವಾರ ಕಬ್ಬನ್ ಉದ್ಯಾನದಲ್ಲಿ ವಾಹನಗಳ ಓಡಾಟವಿಲ್ಲ. 1870ರಲ್ಲಿ ರಿಚರ್ಡ್ ಸ್ಯಾಂಕಿ ರೂಪಿಸಿದ ಈ ಉದ್ಯಾನಕ್ಕೆ ಶ್ರೀ ಚಾಮರಾಜೇಂದ್ರ ಉದ್ಯಾನ ಎಂಬುದು ಸರಕಾರಿ ಹೆಸರು; ಜನರ ಬಾಯಲ್ಲಿ ಉಳಿದದ್ದು ಮಾರ್ಕ್ ಕಬ್ಬನ್ನನ ಹೆಸರು. ಅದರೊಳಗೆ ನಾಯಿಗಳಿಗೆಂದೇ ಬಿಟ್ಟ ಒಂದು ಜಾಗವಿದೆ. 'ಕಬ್ಬನ್ ಪಾರ್ಕ್ ಕೆನೈನ್ಸ್' ಎಂಬ ಬಳಗದವರು ವರ್ಷಗಳಿಂದ ಭಾನುವಾರದ ಬೆಳಗ್ಗೆ ಅಲ್ಲಿ ತಮ್ಮ ನಾಯಿಗಳೊಡನೆ ಸೇರುತ್ತಾ ಬಂದಿದ್ದಾರೆ. ನಾನು ದೂರದ ಮರವೊಂದಕ್ಕೆ ಬೆನ್ನು ಕೊಟ್ಟು ನಿಂತೆ.

ದಾರಿಯುದ್ದಕ್ಕೂ, ಹಗ್ಗದಲ್ಲಿದ್ದಷ್ಟು ಹೊತ್ತೂ, ಬಾಣ ಎದುರಾದ ಪ್ರತಿ ನಾಯಿಯ ಮೇಲೂ ಹಾರಿಬೀಳುತ್ತಿತ್ತು. ಎದುರಿನವೂ ಹಾಗೆಯೇ, ಹಿಂಗಾಲ ಮೇಲೆ ನಿಂತು ಕೊರಳು ಬಿಗಿದುಕೊಂಡು ಒದರುತ್ತಿದ್ದವು. ಇವನ್ನು ಬಿಟ್ಟರೆ ರಕ್ತ ಹರಿಯುತ್ತದೆ ಎಂದುಕೊಂಡೆ. ಆವರಣದ ಒಳಗೆ ಅವಳು ಕೊಂಡಿ ಬಿಚ್ಚಿದಳು. ಬಾಣ ನೇರವಾಗಿ ಯಾವ ನಾಯಿಯ ಬಳಿಗೂ ಹೋಗಲಿಲ್ಲ. ಅರ್ಧಚಂದ್ರದ ಹಾಗೆ ಬಳಸಿಕೊಂಡು ಹೋಗಿ, ಮೋರೆ ಓರೆ ಮಾಡಿ, ಹಿಂಭಾಗ ಮೂಸಿತು. ಆ ನಾಯಿಯೂ ಮೂಸಿತು. ಆಮೇಲೆ ಮುಂಗಾಲು ನೆಲಕ್ಕೆ ಚಾಚಿ, ಸೊಂಟ ಎತ್ತಿ, ಆಟಕ್ಕೆ ಕರೆಯಿತು. ಅಷ್ಟೇ. ಮರುಗಳಿಗೆಯಲ್ಲಿ ಎರಡೂ ಓಟಕ್ಕಿಳಿದವು.

ನಾಯಿಗಳನ್ನು ಪಳಗಿಸುವವರಿಗೆ ಇದರ ಕಾರಣ ಚೆನ್ನಾಗಿ ಗೊತ್ತು. ನಾಯಿಗಳ ಲೋಕದಲ್ಲಿ ಎದುರಾಬದುರಾ, ಕಣ್ಣಲ್ಲಿ ಕಣ್ಣಿಟ್ಟು ನಡೆದು ಬರುವುದು ಜಗಳದ ಕರೆ. ಬಳಸಿ ಬರುವುದು ಮರ್ಯಾದೆ. ನಾವು ಹಗ್ಗ ಹಿಡಿದು ಕಾಲುದಾರಿಯಲ್ಲಿ ಎದುರೆದುರು ನಡೆಸಿದಾಗ ಆ ಮರ್ಯಾದೆಗೆ ದಾರಿಯೇ ಉಳಿಯುವುದಿಲ್ಲ. ಹೆದರಿದ ನಾಯಿಗೆ ಮೊದಲ ಉಪಾಯ ದೂರ ಸರಿಯುವುದು. ಹಗ್ಗದಲ್ಲಿ ಅದೂ ಇಲ್ಲ. ಉಳಿಯುವುದು ಬೊಗಳುವುದೊಂದೇ. ನಾನು ಅಷ್ಟು ಹೊತ್ತು ಸಿಟ್ಟು ಎಂದು ತಿಳಿದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಭಯವೇ ಇತ್ತು. ಭಯದ ವಿಷಯದಲ್ಲಿ ಅದೂ ನಾನೂ ಒಂದೇ ದೋಣಿಯಲ್ಲಿದ್ದೆವು.

ಆದರೆ ಆ ಉದ್ಯಾನಕ್ಕೆ ಬರುವ ಎಲ್ಲರಿಗೂ ಇದು ಹಿಡಿಸುವುದಿಲ್ಲ. ಹಿಡಿಸಬೇಕೆಂದೂ ಇಲ್ಲ. 2022ರಲ್ಲಿ, ಜುಲೈ 1ರಿಂದ ಕಬ್ಬನ್ ಉದ್ಯಾನಕ್ಕೆ ಸಾಕುನಾಯಿಗಳನ್ನು ಬಿಡುವುದಿಲ್ಲ ಎಂಬ ಮಾತು ತೋಟಗಾರಿಕೆ ಇಲಾಖೆಯಿಂದ ಹೊರಟಿತು. ದೂರುಗಳು ಬಂದಿದ್ದವು: ಹಗ್ಗ ಬಿಚ್ಚಿದ ನಾಯಿಗಳು ಮಕ್ಕಳ ಮೇಲೆ, ಮುದುಕರ ಮೇಲೆ ಎಗರುತ್ತವೆ, ಹೊಲಸನ್ನು ಯಾರೂ ಎತ್ತುವುದಿಲ್ಲ, ನಡೆದಾಡಲು ಬಂದವರು ಹೆದರಿ ದಾರಿ ಬದಲಿಸಬೇಕಾಗುತ್ತದೆ. ನಾಯಿ ಸಾಕಿದವರು ಸಹಿ ಸಂಗ್ರಹಿಸಿದರು, ಮಂತ್ರಿಗಳವರೆಗೆ ಹೋದರು. ನಿಷೇಧ ಜಾರಿಗೆ ಬರಲಿಲ್ಲ. ಅಲ್ಲಿಗೆ ನಾಯಿಯವರು ಗೆದ್ದರು ಎಂದು ಬರೆದವರುಂಟು. ನನಗೆ ಹಾಗೆ ಕಾಣುವುದಿಲ್ಲ. ದೂರು ಕೊಟ್ಟವರು ಸುಳ್ಳು ಹೇಳಿರಲಿಲ್ಲ. ಮರಕ್ಕೆ ಬೆನ್ನು ಕೊಟ್ಟು ನಿಂತ ನನ್ನಂಥವರು ಆ ಉದ್ಯಾನದಲ್ಲಿ ದಿನವೂ ಇರುತ್ತಾರೆ, ಅವರಿಗೂ ಅದರಲ್ಲಿ ಪಾಲಿದೆ.

ಪಾಲು ಎಂದಾಗ ನನಗೆ ನಮ್ಮ ಹೊಲದ ಬಾವಿ ನೆನಪಾಗುತ್ತದೆ. ಅಜ್ಜನ ಕಾಲದ ಬಾವಿ, ಮೂರು ಮನೆಯವರ ಪಾಲು. ಬಾವಿಯನ್ನು ಮೂರು ತುಂಡು ಮಾಡಲು ಬರುವುದಿಲ್ಲ. ಅದಕ್ಕೆ ನೀರನ್ನಲ್ಲ, ಹೊತ್ತನ್ನು ಹಂಚಿಕೊಂಡರು. ಇಂದು ನಮ್ಮ ಪಾಳಿ, ನಾಳೆ ಕಾಕಾನದು, ನಾಡಿದ್ದು ಕೆಳಗಿನ ಹೊಲದವರದು. ಬೇಸಿಗೆಯಲ್ಲಿ ಕರೆಂಟು ರಾತ್ರಿ ಎರಡಕ್ಕೆ ಬಂದರೂ ಪಾಳಿಯವನೇ ಎದ್ದು ಹೋಗಿ ಮೋಟಾರು ಚಾಲೂ ಮಾಡಬೇಕು. ಉಳಿದಿಬ್ಬರು ಬೆಳೆ ಬಾಡಿದರೂ ಗುಂಡಿ ಮುಟ್ಟುವುದಿಲ್ಲ. ಅಣ್ಣತಮ್ಮಂದಿರ ಮನಸ್ಸು ಮುರಿದಾಗಲೂ ಪಾಳಿ ಮುರಿಯಲಿಲ್ಲ. ಮಾತುಬಿಟ್ಟ ವರ್ಷಗಳಲ್ಲಿಯೂ ನೀರು ಸರಿಯಾಗಿ ಹರಿದಿದೆ. ಒಂದೇ ಜಾಗದ ಮೇಲೆ ಎರಡು ನ್ಯಾಯವಾದ ಹಕ್ಕುಗಳು ಬಂದು ಕೂತಾಗ ನಮ್ಮ ಹಿರಿಯರು ಕಂಡುಕೊಂಡ ದಾರಿ ಅದು. ಉದ್ಯಾನದಲ್ಲಿ ನಾಯಿಗೆ ಗೊತ್ತುಮಾಡಿದ ಹೊತ್ತು ಎಂದರೂ ಅದೇ, ಒಂದು ಪಾಳಿ.

ಕಾನೂನಿನಲ್ಲಿ ಈ ದಾರಿಗೆ ಆಧಾರವೂ ಇದೆ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಸೂಚನೆಗಳಲ್ಲಿ, ಉದ್ಯಾನಗಳಿಂದ ಸಾಕುಪ್ರಾಣಿಗಳನ್ನು ಸಾರಾಸಗಟಾಗಿ ಹೊರಗಿಡುವುದು ಜಾಣತನವಲ್ಲ, ಬೇಕಿದ್ದರೆ ಅವುಗಳಿಗೆ ಸಮಯ ಗೊತ್ತುಮಾಡಿ ಎಂಬ ಅರ್ಥದ ಮಾತಿದೆ. ಅದಕ್ಕಿಂತ ಹಳೆಯದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆ. ಅದರ 11ನೆಯ ಕಲಮಿನಲ್ಲಿ ಹೆಚ್ಚು ಜನರ ಕಣ್ಣಿಗೆ ಬೀಳದ ಒಂದು ಸಾಲು ಇದೆ: ಸದಾ ಸರಪಳಿಯಲ್ಲಿ ಅಥವಾ ಇಕ್ಕಟ್ಟಿನಲ್ಲಿ ಇಟ್ಟ ನಾಯಿಗೆ ಸಾಕಷ್ಟು ವ್ಯಾಯಾಮ ಕೊಡದೆ ಬಿಡುವುದು ಮಾಲೀಕನ ಅಪರಾಧ. ಅರವತ್ತು ವರ್ಷಗಳ ಹಿಂದೆಯೇ ನಾಯಿಯ ಓಟವನ್ನು ಶೋಕಿ ಎಂದಲ್ಲ, ಅಗತ್ಯ ಎಂದು ಈ ದೇಶದ ಕಾನೂನು ಒಪ್ಪಿತ್ತು. ಇನ್ನೊಂದು ಕಡೆ, 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮು, ತನ್ನ ಪ್ರಾಣಿಯಿಂದ ಇನ್ನೊಬ್ಬರಿಗೆ ಅಪಾಯವಾಗದಂತೆ ನೋಡಿಕೊಳ್ಳದವನಿಗೆ ಆರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ಇಟ್ಟಿದೆ. ಓಡಿಸುವುದೂ ಕರ್ತವ್ಯ, ತಡೆಯುವುದೂ ಕರ್ತವ್ಯ. ಈ ಎರಡನ್ನೂ ಒಬ್ಬನೇ ಮನುಷ್ಯ ಒಂದೇ ನಗರದಲ್ಲಿ ಪಾಲಿಸಬೇಕಾದರೆ ಅವನಿಗೆ ಒಂದು ಜಾಗ ಬೇಕು, ಒಂದು ಹೊತ್ತು ಬೇಕು.

ಈ ಹೊತ್ತಿನ ಪದ್ಧತಿಗೆ ದೊಡ್ಡ ಹೆಸರು ತಂದದ್ದು ನ್ಯೂಯಾರ್ಕ್. ಅಲ್ಲಿನ ಉದ್ಯಾನಗಳಲ್ಲಿ 1980ರ ದಶಕದಿಂದ ಒಂದು ಮೌನ ಒಪ್ಪಂದವಿತ್ತು. ಬೆಳಗಿನ ಒಂಬತ್ತರ ಒಳಗೆ, ರಾತ್ರಿ ಒಂಬತ್ತರ ನಂತರ ನಾಯಿಯ ಹಗ್ಗ ಬಿಚ್ಚಿದರೆ ಉದ್ಯಾನದ ಸಿಬ್ಬಂದಿ ದಂಡ ಹಾಕುತ್ತಿರಲಿಲ್ಲ. ಬರೆದ ನಿಯಮ ಮಾತ್ರ ಹಗ್ಗ ಇರಲೇಬೇಕು ಎನ್ನುತ್ತಿತ್ತು. 2006ರಲ್ಲಿ ಕ್ವೀನ್ಸ್ ಭಾಗದ ಜುನಿಪರ್ ಪಾರ್ಕ್ ನಾಗರಿಕರ ಸಂಘ ಇದನ್ನು ಕೋರ್ಟಿಗೆ ಎಳೆಯಿತು: ನಿಯಮ ಒಂದು, ನಡೆ ಇನ್ನೊಂದು, ಇದೆಂಥ ನ್ಯಾಯ ಎಂದು. ಕೋರ್ಟು ಪದ್ಧತಿಯನ್ನು ಎತ್ತಿಹಿಡಿಯಿತು. ಆದರೆ ಆ ದಾವೆಯಿಂದಾಗಿ ನಗರ ಎಚ್ಚೆತ್ತು, 2007ರಲ್ಲಿ ಅದನ್ನು ಬರವಣಿಗೆಗೆ ಇಳಿಸಿತು. ಯಾವ ಉದ್ಯಾನದ ಯಾವ ಭಾಗ, ಎಷ್ಟರಿಂದ ಎಷ್ಟರವರೆಗೆ, ಎಲ್ಲವೂ ಗೊತ್ತಾಯಿತು. ನಾಯಿಗೆ ಪರವಾನಗಿಯ ಬಿಲ್ಲೆ, ಹುಚ್ಚುರೋಗದ ಲಸಿಕೆಯ ದಾಖಲೆ ಕಡ್ಡಾಯವಾಯಿತು. ವಿರೋಧ ಮಾಡಿದವರು ಸೋತರೂ ಆ ಪದ್ಧತಿಗೆ ಬೆನ್ನೆಲುಬು ಕೊಟ್ಟವರು ಅವರೇ. ಕಬ್ಬನ್ ಉದ್ಯಾನದಲ್ಲಿ ದೂರು ಕೊಟ್ಟವರನ್ನು ನಾಯಿದ್ವೇಷಿಗಳೆಂದು ಕರೆಯುವವರು ಈ ಕಥೆಯನ್ನು ಒಮ್ಮೆ ಓದಬೇಕು.

ನಮ್ಮಲ್ಲಿ ಕೇಳದೆ ಮಾಡಿದ ನಿಯಮಗಳ ಗತಿ ಏನಾಗುತ್ತದೆ ಎಂಬುದಕ್ಕೆ ಒಂದು ನಿದರ್ಶನವಿದೆ. 2024ರ ಮಾರ್ಚಿನಲ್ಲಿ ಕೇಂದ್ರ ಸರಕಾರ 23 ತಳಿಯ ನಾಯಿಗಳನ್ನು ಉಗ್ರ ಎಂದು ಕರೆದು, ಅವುಗಳ ಮಾರಾಟ, ಸಾಕಣೆ ನಿಲ್ಲಿಸುವಂತೆ ರಾಜ್ಯಗಳಿಗೆ ಪತ್ರ ಬರೆಯಿತು. ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದುಮಾಡಿತು. ಸಂಬಂಧಪಟ್ಟವರ ಮಾತನ್ನೇ ಕೇಳಿಲ್ಲ ಎಂಬುದು ಅದಕ್ಕೆ ಕೊಟ್ಟ ಕಾರಣಗಳಲ್ಲೊಂದು. ನಾಯಿಗೆ ಹೊತ್ತು ಗೊತ್ತುಮಾಡುವಾಗಲೂ ಕೇಳಬೇಕಾದವರು ನಾಯಿ ಸಾಕಿದವರಷ್ಟೇ ಅಲ್ಲ. ಅವರು ಹೇಗಿದ್ದರೂ ಹೂಂ ಎನ್ನುತ್ತಾರೆ. ಬೆಳಿಗ್ಗೆ ಐದಕ್ಕೆ ಕೋಲು ಊರಿಕೊಂಡು ಬರುವ ಮುತ್ಯಾನ ಹೂಂ ಬೇಕು. ಕಸ ಗುಡಿಸುವ ಪೌರಕಾರ್ಮಿಕ ಅಕ್ಕನ ಹೂಂ ಬೇಕು. ಎತ್ತದೆ ಬಿಟ್ಟ ಹೊಲಸು ಕೊನೆಗೆ ಬರುವುದು ಅವಳ ಕೈಗೇ. ಮಗುವನ್ನು ಜಾರುಬಂಡಿಗೆ ಕರೆತರುವ ತಾಯಿಯ ಹೂಂ ಬೇಕು. ಜನರ ಬೆಂಬಲ ಎಂದರೆ ನನ್ನ ಲೆಕ್ಕದಲ್ಲಿ ಈ ಮೂವರ ಬೆಂಬಲ.

ಅವರು ಕೇಳುವ ಪ್ರಶ್ನೆಗಳು ಗಟ್ಟಿಯಾದವು. ಮೊದಲನೆಯದು ಹುಚ್ಚುರೋಗ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಭಾರತದಲ್ಲಿ ವರ್ಷಕ್ಕೆ 18,000ದಿಂದ 20,000 ಜನ ಇದರಿಂದ ಸಾಯುತ್ತಾರೆ, ಈ ರೋಗದಿಂದಾಗುವ ಜಗತ್ತಿನ ಒಟ್ಟು ಸಾವುಗಳಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು. ಅವರಲ್ಲಿ ಬಹಳಷ್ಟು ಮಂದಿ 15ರೊಳಗಿನ ಮಕ್ಕಳು. ಒಮ್ಮೆ ಲಕ್ಷಣ ಕಾಣಿಸಿಕೊಂಡರೆ ಬದುಕುವುದು ಇಲ್ಲವೆಂದೇ ಹೇಳಬೇಕು. ಆದರೆ ನಾಯಿಗಳಲ್ಲಿ ನೂರಕ್ಕೆ 70ಕ್ಕೆ ಲಸಿಕೆ ಹಾಕಿ ಅದನ್ನು ಹಾಗೆಯೇ ಉಳಿಸಿಕೊಂಡರೆ ರೋಗದ ಸರಪಳಿ ಕಡಿಯುತ್ತದೆ ಎಂಬುದೂ ಅಷ್ಟೇ ಗಟ್ಟಿಯಾದ ಸಂಗತಿ. 2030ರ ಹೊತ್ತಿಗೆ ನಾಯಿಯಿಂದ ಹರಡುವ ಹುಚ್ಚುರೋಗವನ್ನು ಮುಗಿಸುವ ರಾಷ್ಟ್ರೀಯ ಯೋಜನೆ ನಿಂತಿರುವುದು ಇದರ ಮೇಲೆಯೇ. ಉದ್ಯಾನದ ಬಾಗಿಲಲ್ಲಿ ಲಸಿಕೆಯ ಚೀಟಿ ತೋರಿಸಿದರಷ್ಟೇ ಒಳಗೆ ಎಂದರೆ, ಲಸಿಕೆ ಹಾಕಿಸದವನಿಗೆ ಹಾಕಿಸಲು ಅದೇ ಒಂದು ಕಾರಣವಾಗುತ್ತದೆ. ಓಡುವ ಹೊತ್ತೇ ಲಸಿಕೆಗೆ ಕೊಡುವ ಬಹುಮಾನ.

ಎರಡನೆಯದು ಹೊಲಸು. ಹಳ್ಳಿಯ ಬಯಲಲ್ಲಿ ಬಿಸಿಲು, ಮಣ್ಣು ಅದನ್ನು ಮುಗಿಸುತ್ತವೆ. ನೂರು ನಾಯಿ ಬರುವ ಎಕರೆ ಹುಲ್ಲಿನಲ್ಲಿ ಮುಗಿಸುವುದಿಲ್ಲ. ನಾಯಿಯ ಹೊಟ್ಟೆಯ ಜಂತುಹುಳದ ಮೊಟ್ಟೆಗಳು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿದು, ಮಣ್ಣಾಡಿ ಬಾಯಿಗೆ ಕೈ ಹಾಕುವ ಮಕ್ಕಳ ಹೊಟ್ಟೆ ಸೇರುತ್ತವೆ, ಅಪರೂಪಕ್ಕೆ ಕಣ್ಣಿಗೂ ಏರುತ್ತವೆ. ಅಣ್ಣನ ಮಗಳ ಕೈಚೀಲದಲ್ಲಿ ಹಳೆಯ ದಿನಪತ್ರಿಕೆಯ ತುಂಡುಗಳಿರುತ್ತವೆ. ಬಾಗಿ ಎತ್ತುತ್ತಾಳೆ. ಎಮ್ಮೆಯ ಸಗಣಿ ಬಾಚಿದ ಮನೆತನದವರಿಗೆ ಅದರಲ್ಲಿ ನಾಚಿಕೆ ಏನು? ಆದರೆ ಅಲ್ಲಿಗೆ ಬಂದ ಎಲ್ಲರೂ ಬಾಗುವುದನ್ನು ನಾನು ನೋಡಲಿಲ್ಲ, ಅದನ್ನೂ ಹೇಳಬೇಕು. ಬಾಗದವನಿಗೆ ಪಾಳಿ ತಪ್ಪಬೇಕು.

ಮೂರನೆಯ ತೊಡಕು ನ್ಯೂಯಾರ್ಕಿನಲ್ಲಿಲ್ಲ, ನಮ್ಮಲ್ಲಿದೆ. ನಮ್ಮ ಉದ್ಯಾನಗಳಲ್ಲಿ ಆಗಲೇ ನಾಯಿಗಳು ವಾಸವಾಗಿವೆ. 2023ರ ಪ್ರಾಣಿಗಳ ಜನನ ನಿಯಂತ್ರಣ ನಿಯಮಗಳ ಪ್ರಕಾರ ಬೀದಿನಾಯಿಯನ್ನು ಹಿಡಿದು, ಶಸ್ತ್ರಚಿಕಿತ್ಸೆ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡಬೇಕು. 2025ರ ಆಗಸ್ಟಿನಲ್ಲಿ ದಿಲ್ಲಿಯ ಬೀದಿನಾಯಿಗಳ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ ಎರಡು ಆದೇಶಗಳು ದೇಶದ ತುಂಬ ಎಬ್ಬಿಸಿದ ಗದ್ದಲ ಎಲ್ಲರಿಗೂ ನೆನಪಿದೆ. ಮೊದಲು ಎಲ್ಲವನ್ನೂ ಹಿಡಿದಿಡಿ ಎಂದದ್ದು, ಹನ್ನೊಂದೇ ದಿನದ ಮೇಲೆ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ತಿದ್ದಿ, ರೋಗವಿಲ್ಲದ, ಮೈಮೇಲೆ ಬರದ ನಾಯಿಗಳನ್ನು ಲಸಿಕೆ ಹಾಕಿ ಬಿಡಿ ಎಂದದ್ದು. ಸಾಕುನಾಯಿಯ ಹಗ್ಗ ಬಿಚ್ಚಿದಾಗ ಅದು ಕಾಲಿಡುವುದು ಖಾಲಿ ನೆಲದ ಮೇಲಲ್ಲ, ಇನ್ನೊಂದು ಹಿಂಡಿನ ಸೀಮೆಯೊಳಗೆ. ಆದ್ದರಿಂದ ಹೊತ್ತು ಮಾತ್ರ ಸಾಲದು, ಬೇಲಿಯೂ ಬೇಕು. ಕರವಾನಿಯಂಥ ನಾಯಿಗಂತೂ ಬೇಲಿಯೇ ಪ್ರಾಣ. ಕಣ್ಣಿಗೆ ಬೇಟೆ ಬಿದ್ದ ಮೇಲೆ ಅದರ ಕಿವಿಗೆ ಒಡೆಯನ ಕೂಗು ಇಳಿಯುವುದಿಲ್ಲ. ಬೆಕ್ಕಿನ ಹಿಂದೆ ಓಡಿ ಕಸ್ತೂರ್‌ಬಾ ರಸ್ತೆಯ ನಡುವೆ ನಿಂತರೆ ಯಾರು ಹೊಣೆ?

ಬೆದೆಗೆ ಬಂದ ಹೆಣ್ಣುನಾಯಿ, ಲಸಿಕೆ ಪೂರ್ತಿಯಾಗದ ಮರಿ, ಹಿಂದೆ ಕಚ್ಚಿದ ದಾಖಲೆಯಿರುವ ನಾಯಿ, ಇವಕ್ಕೆ ಪ್ರವೇಶವಿಲ್ಲ ಎಂಬುದನ್ನು ಬಾಗಿಲಲ್ಲೇ ಬರೆದಿಡಬೇಕು. ಪುಟ್ಟ ನಾಯಿಗಳಿಗೆ ಬೇರೆ ಅಂಕಣ. ಇದಿಷ್ಟು ಆದರೆ ಉಳಿದದ್ದು ಗಡಿಯಾರದ ಮಾತು.

ಗಡಿಯಾರ ಊರಿಂದೂರಿಗೆ ಬೇರೆ. ಬೆಂಗಳೂರಿನ ತಂಪಿನಲ್ಲಿ ಬೆಳಗಿನ ಎಂಟಾದರೂ ನಡೆದೀತು. ಸೋಲಾಪುರದ ಮೇ ತಿಂಗಳಲ್ಲಿ, ಉಷ್ಣ 43 ಡಿಗ್ರಿ ಮುಟ್ಟಿದ ದಿನ, ಎಂಟಕ್ಕೆ ಕಲ್ಲು ಕಾಯಲು ಹತ್ತುತ್ತದೆ. ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ನಾಲಿಗೆ ಚಾಚಿ ಏದುವುದೇ ಅದಕ್ಕೆ ಮುಖ್ಯ ತಂಪು. ಇಲ್ಲಿ ಪಾಳಿ ನಸುಕಿನ ಐದರೊಳಗೆ, ಇಲ್ಲವೇ ರಾತ್ರಿ ಒಂಬತ್ತರ ಮೇಲೆ. ಭುಯಿಕೋಟೆಯ ಪಕ್ಕದ ಹುತಾತ್ಮ ಬಾಗಿನಲ್ಲಿ ಸಂಜೆ ಕಾಲಿಡಲು ಜಾಗವಿರುವುದಿಲ್ಲ, ಭೇಳ್ ತಿನ್ನುವ ಮಕ್ಕಳು, ಚಾದರ ಕಾರಖಾನೆಯಿಂದ ಮನೆಗೆ ಹೋಗುವ ಮೊದಲು ಗಳಿಗೆ ಕೂರುವ ಹೆಂಗಸರು. ಆ ಹೊತ್ತನ್ನು ಅವರಿಂದ ಕಸಿಯಬಾರದು. ನಾಯಿಗೆ ಕೇಳಬೇಕಾದದ್ದು ಅವರು ಎದ್ದುಹೋದ ಮೇಲಿನ ಒಂದು ಗಂಟೆ, ಒಂದು ಮೂಲೆ. ಸೋಲಾಪುರಕ್ಕೂ ಕಲಬುರಗಿಗೂ ಈ ಮಾತು ಬರುವ ಕಾಲ ದೂರವಿಲ್ಲ. ಇಲ್ಲಿಯೂ ಅಂಗಳವಿಲ್ಲದ ಮನೆಗಳು ಎದ್ದಿವೆ, ಅವುಗಳ ಗ್ಯಾಲರಿಗಳಲ್ಲಿ ನಾಯಿಗಳು ಸಲಾಕೆಗೆ ಮೂತಿ ಆನಿಸಿ ಕೂತಿವೆ.

ನಮ್ಮ ಸೀಮೆಗೆ ನಾಯಿ ಹೊಸ ನೆಂಟನಲ್ಲ. ಅಕ್ಕಲಕೋಟೆಯ ಸ್ವಾಮಿ ಸಮರ್ಥರನ್ನು ಭಕ್ತರು ದತ್ತನ ಅವತಾರವೆಂದು ನಂಬುತ್ತಾರೆ, ದತ್ತನ ಕಾಲ ಬಳಿ ನಾಲ್ಕು ನಾಯಿಗಳು ನಾಲ್ಕು ವೇದಗಳಾಗಿ ನಿಲ್ಲುತ್ತವೆ. ಸೋಲಾಪುರದ ಬಾಳೆಯ ಖಂಡೋಬಾನ ಕುದುರೆಯ ಜೊತೆಗೂ ನಾಯಿ ಇದೆ. ಅವನೇ ಕನ್ನಡದ ಮೈಲಾರಲಿಂಗ, ಅವನ ಗೊರವರು ನಾಯಿಯಂತೆ ಬೊಗಳಿ, ದೋಣಿ ಎಂಬ ಪಾತ್ರೆಗೆ ಬಾಯಿ ಹಚ್ಚಿ ಪ್ರಸಾದ ಉಣ್ಣುತ್ತಾರೆ. ಪಂಢರಪುರದ ನಾಮದೇವ ಒಣ ರೊಟ್ಟಿ ಕಚ್ಚಿಕೊಂಡು ಓಡಿದ ನಾಯಿಯ ಹಿಂದೆ ತುಪ್ಪದ ಬಟ್ಟಲು ಹಿಡಿದು ಓಡಿದನಂತೆ. ಶರಣ ಹಾವಿನಹಾಳ ಕಲ್ಲಯ್ಯ ನಾಯಿಯಿಂದ ವೇದ ಹೇಳಿಸಿದನೆಂಬ ಕಥೆ ಇತ್ತ ಕನ್ನಡದಲ್ಲಿದೆ. ಇವನ್ನೆಲ್ಲ ಕೇಳಿ ಬೆಳೆದ ನೆಲದಲ್ಲೇ ನನ್ನ ಮೀನಖಂಡಕ್ಕೆ ಹಲ್ಲು ಇಳಿದದ್ದು. ಭಕ್ತಿಯಿಂದ ಯಾವ ನಾಯಿಗೂ ಲಸಿಕೆ ಬೀಳುವುದಿಲ್ಲ.

ಹಗ್ಗ ಬಿಚ್ಚಲೇಬಾರದ ಜಾಗಗಳೂ ಇವೆ, ಅಂಥದೊಂದು ನಮ್ಮ ಜಿಲ್ಲೆಯಲ್ಲೇ ಇದೆ. ಸೋಲಾಪುರದಿಂದ ಬಾರ್ಶಿಗೆ ಹೋಗುವ ದಾರಿಯಲ್ಲಿ ನಾನ್ನಜ್. ಅಲ್ಲಿನ ಹುಲ್ಲುಗಾವಲನ್ನು 1979ರಲ್ಲಿ ಅಭಯಾರಣ್ಯ ಮಾಡಿದ್ದು ಮರಾಠಿಯಲ್ಲಿ ಮಾಳಢೋಕ, ಕನ್ನಡದಲ್ಲಿ ಎರಲಡ್ಡು ಎಂದು ಕರೆಯುವ ಎತ್ತರದ ಹಕ್ಕಿಗಾಗಿ. ಅದು ಗೂಡು ಕಟ್ಟುವುದಿಲ್ಲ. ಬರಿ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ಬಿಟ್ಟ ನಾಯಿಯೊಂದು ಆ ಮೊಟ್ಟೆ ಕಂಡರೆ ಆ ಹಕ್ಕಿಯ ವರ್ಷವೇ ಮುಗಿದೀತು. ಕೃಷ್ಣಮೃಗದ ಮರಿಗಳಿಗೂ ನಾಯಿಯ ಹಿಂಡೇ ಯಮ. ಇದೇ ಬಯಲಲ್ಲಿ ಬದುಕುವ ತೋಳಗಳಿಗೆ ನಾಯಿಗಳಿಂದ ರೋಗ ಅಂಟುತ್ತದೆ; ನಾಯಿ ತೋಳಗಳು ಕೂಡಿ ಹುಟ್ಟಿದ ಮಿಶ್ರ ಮರಿಗಳನ್ನು ಪುಣೆಯ ಕಡೆ ಗುರುತಿಸಿದ್ದಾರೆ. ಲಂಡನ್ನಿನ ರಿಚ್‌ಮಂಡ್ ಉದ್ಯಾನದಲ್ಲಿ ನಾಯಿಗಳಿಗೆ ಓಡಾಡುವ ಸ್ವಾತಂತ್ರ್ಯವಿದ್ದರೂ ಜಿಂಕೆಗಳು ಮರಿ ಹಾಕುವ ತಿಂಗಳುಗಳಲ್ಲಿ ಹಗ್ಗ ಕಡ್ಡಾಯ. ಆ ತಿಂಗಳುಗಳು ಜಿಂಕೆಯ ಪಾಳಿ. ನಾನ್ನಜಿನ ಹುಲ್ಲಿನಲ್ಲಿ ವರ್ಷದ ಹನ್ನೆರಡೂ ತಿಂಗಳು ಎರಲಡ್ಡುವಿನ ಪಾಳಿ.

ಕಳೆದ ಚಳಿಗಾಲದ ಕೊನೆಗೆ ಅಣ್ಣನ ಮಗಳು ಬಾಣನನ್ನು ಊರಿಗೆ ಕರೆತಂದಳು. ಬಿಳಿಜೋಳದ ಕೊಯ್ಲು ಮುಗಿದಿತ್ತು, ಕರಿ ನೆಲದ ತುಂಬ ಕೂಳೆ ಮಾತ್ರ. ಓಣಿಯ ನಾಯಿಗಳು ಬಾಣನ ಕೊರಳ ಪಟ್ಟಾ ನೋಡಿ ಸುತ್ತುಗಟ್ಟಿದವು, ಅದು ಅವಳ ಕಾಲ ಸಂದಿಗೆ ಸೇರಿತು. ಸಂಜೆ ಹೊಲಕ್ಕೆ ಹೋದೆವು. ಎಷ್ಟು ದೂರ ಕಣ್ಣು ಹಾಯಿಸಿದರೂ ಬೇಲಿಯಿಲ್ಲ, ರಸ್ತೆಯಿಲ್ಲ. ಅವಳು ಕೊಂಡಿಗೆ ಕೈ ಹಾಕಿದಳು.

"ತಡಿ" ಎಂದ ಅಣ್ಣ. ಮಗ್ಗುಲ ಹೊಲದಲ್ಲಿ ಹಾಲುಮತದವರ ಕುರಿ ಹಿಂಡು ಇಳಿದಿತ್ತು. ಗೊಬ್ಬರಕ್ಕೆಂದು ಹೊಲದವರೇ ಕರೆದು ನಿಲ್ಲಿಸಿಕೊಂಡದ್ದು. ಎಳೆಯ ಮರಿಗಳು ತಾಯಿಯ ಬೆನ್ನ ಹಿಂದೆ ಕುಣಿಯುತ್ತಿದ್ದವು. ಅಣ್ಣ ಬದುವಿನ ಮೇಲೆ ನಿಂತು ಕುರಿಯವನನ್ನು ಕೂಗಿ ಕೇಳಿದ, "ಏ ಮಾವಾ, ನಾಯಿ ಬಿಡೂದೈತಿ, ಬಿಡ್ಲ್ಯಾ?"

ಆತ ಬಾಣನನ್ನು ಮೇಲಿಂದ ಕೆಳಗೆ ನೋಡಿದ. ಕರವಾನಿ ಎಂದು ಅವನಿಗೆ ದೂರದಿಂದಲೇ ತಿಳಿದಿತ್ತು. "ಕುರಿ ಹಳ್ಳ ದಾಟ್ಲಿ ತಡೀರಿ" ಎಂದ. ನಾವು ಕಾದೆವು. ಅರ್ಧ ಗಂಟೆಯಾದರೂ ಆಗಿರಬೇಕು. ಬಾಣ ಮೈಯೆಲ್ಲ ನಡುಗಿಸುತ್ತ, ಕಣ್ಣು ದಿಗಂತಕ್ಕೆ ನೆಟ್ಟು ನಿಂತಿತ್ತು. ಹೊತ್ತು ಮುಳುಗುವ ಮುಂಚೆ ಹಿಂಡಿನ ಕೊನೆಯ ಕುರಿ ಹಳ್ಳ ಇಳಿಯಿತು. ಕುರಿಯವ ದಡದಲ್ಲಿ ನಿಂತು ನಮ್ಮ ಕಡೆ ತಿರುಗಿ ಕೋಲು ಎತ್ತಿದ.

"ಕಾಕಾ, ನೀವ ಬಿಚ್ರಿ" ಎಂದಳು ಹುಡುಗಿ. ನಾನು ಬಾಗಿದೆ. ಅದರ ಬಿಸಿ ಉಸಿರು ಮಣಿಕಟ್ಟಿಗೆ ತಾಗಿತು. ಹಿತ್ತಾಳೆಯ ಕೊಂಡಿ ಎರಡು ಸಲ ಬೆರಳಿನಿಂದ ಜಾರಿ, ಮೂರನೆಯ ಸಲಕ್ಕೆ ಬಿಚ್ಚಿಕೊಂಡಿತು.